ಸಾಲಕ್ಕೆ ಹೋದ ಮನೆ, ಉಳಿದುಕೊಂಡ ಮುಖಗಳು

ಊರಿನಿಂದ ಅಪ್ಪ-ಅಮ್ಮ, ನೆಂಟರಿಷ್ಟರು ಬಂದಾಗ ನೆದರ್ಲೆಂಡ್ಸ್‌ನಲ್ಲಿರುವ ನಾವು ಕಾಲುವೆಯಲ್ಲಿ ದೋಣಿ ಹತ್ತಿಸಿ, ಟುಲಿಪ್ ತೋಟ ತೋರಿಸಿ ಸುಮ್ಮನಾಗುವುದೇ ಹೆಚ್ಚು. ಆಮ್‌ಸ್ಟರ್‌ಡ್ಯಾಂನ ಯೋಡೆನ್‌ಬ್ರೇಸ್ಟ್ರಾಟ್ ಬೀದಿಯ ಒಂದು ಹಳೆಯ ಮನೆಗೂ ಅರ್ಧ ದಿನ ಮೀಸಲಿಡಬೇಕು. ಅದು ಚಿತ್ರಕಾರ ರೆಂಬ್ರಾಂಟ್ ಬಾಳಿದ, ಕೊನೆಗೆ ಸಾಲಕ್ಕೆ ಕಳೆದುಕೊಂಡ ಮನೆ.

1606ರಲ್ಲಿ ಲೈಡನ್‌ನಲ್ಲಿ ಹಿಟ್ಟಿನ ಗಿರಣಿಯವರ ಮಗನಾಗಿ ಹುಟ್ಟಿದ ಆತ, 1631ರ ಸುಮಾರಿಗೆ ಆಮ್‌ಸ್ಟರ್‌ಡ್ಯಾಂಗೆ ಬಂದ. 1634ರಲ್ಲಿ ಸಾಸ್ಕಿಯಾಳನ್ನು ಮದುವೆಯಾದ. ಹೆಸರು, ಹಣ ಎರಡೂ ಬಂದವು. 1639ರಲ್ಲಿ 13,000 ಗಿಲ್ಡರ್‌ಗೆ ಈ ಮನೆ ಕೊಂಡ. ಹಣ ಪೂರ್ತಿ ತೀರಿಸಲಾಗದೆ ಸಾಲ ಉಳಿಯಿತು.

ಆತನ ಎಚಿಂಗ್‌ಗಳು ಸುಮಾರು 290. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀಚಿ, ಆಮ್ಲದಲ್ಲಿಟ್ಟರೆ ಗೀಚಿದ ಕಡೆ ಮಾತ್ರ ಲೋಹ ಕರಗುತ್ತದೆ. ಆ ಗೀರುಗಳಿಗೆ ಶಾಯಿ ತುಂಬಿ ಒದ್ದೆ ಕಾಗದದ ಮೇಲೆ ಒತ್ತಿದರೆ ಚಿತ್ರ. ಮುಂದೆ ನಗರದ ಮೇಯರ್ ಆದ ಯಾನ್ ಸಿಕ್ಸ್, ಚಿತ್ರವ್ಯಾಪಾರಿ ಕ್ಲೆಮೆಂಟ್ ಡಿ ಯೊಂಗೆ ಮುಂತಾದವರ ಮುಖಗಳು ಹೀಗೆ ಮೂಡಿದವು. ಒಂದೇ ತಗಡನ್ನು ತಿದ್ದಿ ತಿದ್ದಿ ಅಚ್ಚು ಹಾಕುತ್ತಿದ್ದುದರಿಂದ ಒಂದೊಂದು ಹಂತದ ಪ್ರತಿಯೂ ಬೇರೆ. ಸಂಗ್ರಾಹಕರಿಗೆ ಒಂದು ಪ್ರತಿ ಸಾಲದು!

ರೆಂಬ್ರಾಂಟ್ ಸ್ವತಃ ದೊಡ್ಡ ಸಂಗ್ರಾಹಕ. ಡ್ಯೂರರ್, ಲೂಕಾಸ್ ಫಾನ್ ಲೈಡನ್, ಮಾಂಟೆನ್ಯಾ ಅವರ ಅಚ್ಚುಚಿತ್ರಗಳು, ರೋಮನ್ ಚಕ್ರವರ್ತಿಗಳ ಪ್ರತಿಮೆಗಳು, ಆಯುಧ, ಕಪ್ಪೆಚಿಪ್ಪು ಎಲ್ಲವನ್ನೂ ಕೂಡಿಟ್ಟ. ಮೊಘಲ್ ಚಿತ್ರಗಳನ್ನು ನೋಡಿ ಆತ ಬರೆದ ಷಹಜಹಾನ್ ಮೊದಲಾದವರ ರೇಖಾಚಿತ್ರಗಳಲ್ಲಿ 20ಕ್ಕೂ ಹೆಚ್ಚು ಉಳಿದಿವೆ.

1656ರಲ್ಲಿ ದಿವಾಳಿ. ಅಧಿಕಾರಿಗಳು ಕೋಣೆ ಕೋಣೆ ಹೊಕ್ಕು 363 ಬಾಬುಗಳ ಪಟ್ಟಿ ಮಾಡಿದರು. ಹರಾಜಿನಲ್ಲಿ ಸಂಗ್ರಹ ಚದುರಿತು; 1658ರಲ್ಲಿ ಮನೆಯೂ ಹೋಯಿತು. ಆ ಕಷ್ಟದ ದಿನಗಳಲ್ಲೇ, ಗೆಳೆಯ ಅಬ್ರಹಾಂ ಫ್ರಾನ್ಸೆನ್‌ನ ಎಚಿಂಗ್ ಮಾಡಿದ. ಫ್ರಾನ್ಸೆನ್ ಔಷಧಿ ವ್ಯಾಪಾರಿ, ಸಂಗ್ರಾಹಕ. ಚಿತ್ರದಲ್ಲಿ ಆತ ಕಿಟಕಿಯ ಬೆಳಕಿಗೆ ಹಾಳೆಯೊಂದನ್ನು ಹಿಡಿದು, ಜಗತ್ತನ್ನೇ ಮರೆತು ನೋಡುತ್ತಿದ್ದಾನೆ. ಎಲ್ಲ ಕಳೆದುಕೊಂಡವನು ಸಂಗ್ರಹದ ಸುಖವನ್ನು ಹೀಗೆ ಚಿತ್ರಿಸಿದ್ದು ನಮ್ಮನ್ನು ಇಂದಿಗೂ ತಟ್ಟುತ್ತದೆ.

ಸಾಸ್ಕಿಯಾ 1642ರಲ್ಲೇ ತೀರಿಕೊಂಡಿದ್ದಳು. ಬಾಳಸಂಗಾತಿ ಹೆಂಡ್ರಿಕ್ಯೆ 1663ರಲ್ಲಿ, ಮಗ ಟೈಟಸ್ 1668ರಲ್ಲಿ ಹೋದರು. 1669ರ ಅಕ್ಟೋಬರ್ 4ರಂದು ರೆಂಬ್ರಾಂಟ್ ಕಣ್ಮುಚ್ಚಿದ. ವೆಸ್ಟರ್‌ಕೆರ್ಕ್ ಚರ್ಚಿನಲ್ಲಿ ಹೆಸರಿಲ್ಲದ ಸಮಾಧಿಯಾಯಿತು.

ಆತನ ಹಲವು ತಗಡುಗಳಿಂದ ನಂತರದ ಶತಮಾನಗಳಲ್ಲೂ ಪ್ರತಿ ತೆಗೆಯಲಾಗಿದೆ. ಕೊಳ್ಳುವ ಆಸೆಯುಳ್ಳವರು ಯಾವ ಕಾಲದ ಅಚ್ಚು, ಎಂಥ ಕಾಗದ ಎಂದು ಮೊದಲು ವಿಚಾರಿಸಿಕೊಳ್ಳಬೇಕು. ಬೆಲೆಯ ಅಂತರ ಅಜಗಜಾಂತರ.

ಆ ಮನೆ 1911ರಿಂದ ಮ್ಯೂಸಿಯಂ. ಸಾಲಗಾರರಿಗಾಗಿ ಬರೆದ ಅದೇ ಪಟ್ಟಿ ನೋಡಿ ಈಗ ಕೋಣೆಗಳನ್ನು ಮತ್ತೆ ಜೋಡಿಸಿದ್ದಾರೆ. ಆತನ ಬಹುಪಾಲು ಎಚಿಂಗ್‌ಗಳು ಅಲ್ಲಿಗೇ ಮರಳಿವೆ. ಮುಂದಿನ ಸಲ ನೆಂಟರು ಬಂದಾಗ ಕರೆದೊಯ್ಯೋಣ.