ಐದು ಪೌಂಡ್ ಸಾಲ, ಅಂಗೈಯಗಲದ ಗೂಡ್ಸ್ ಗಾಡಿ

ಬಿ.ಕಾಂ. ಮುಗಿಸಿದ ವರ್ಷ ಒಂದು ಖಾಸಗಿ ಕಂಪನಿಯ ಇಂಟರ್‌ವ್ಯೂಗೆ ಹೋಗಿದ್ದೆ. ಬಯೋಡೇಟಾದಲ್ಲಿ ಹವ್ಯಾಸದ ಜಾಗದಲ್ಲಿ ಎಲ್ಲರಂತೆ ಓದುವುದು, ಹಾಡು ಕೇಳುವುದು ಎಂದು ಬರೆಯದೆ ಇದ್ದದ್ದನ್ನೇ ಬರೆದಿದ್ದೆ: ರೈಲು ವ್ಯಾಗನ್‌ಗಳ ಮಾದರಿ ಸಂಗ್ರಹ. ಮೇಜಿನಾಚೆ ಕೂತಿದ್ದ ಮೂವರಲ್ಲಿ ಒಬ್ಬರು ಅದನ್ನು ಗಟ್ಟಿಯಾಗಿ ಓದಿ, ಈ ವಯಸ್ಸಿನಲ್ಲೂ ಆಟದ ಸಾಮಾನೇ ಎಂದು ನಕ್ಕರು. ನಾನೂ ಪೆಚ್ಚಾಗಿ ನಕ್ಕೆ. ಕೆಲಸ ಸಿಗಲಿಲ್ಲ. ಮನೆಗೆ ಬಂದು ಮಾಡಿದ ಮೊದಲ ಕೆಲಸ, ಆ ಸಾಲನ್ನು ಅಳಿಸಿದ್ದು.

ಹೊಸಪೇಟೆಯಲ್ಲಿ ಹಳಿಗಳ ಪಕ್ಕದಲ್ಲೇ ಬೆಳೆದವನು ನಾನು. ಅದಿರು ತುಂಬಿಕೊಂಡು ಹೋಗುವ ಬಾಕ್ಸ್‌ಎನ್ ವ್ಯಾಗನ್‌ಗಳನ್ನು ಎಣಿಸುತ್ತಲೇ ಮಗ್ಗಿ ಕಲಿತೆ. ಹೈಸ್ಕೂಲಿಗೆ ಬಂದಾಗ ರಟ್ಟಿನಲ್ಲಿ ಅವನ್ನು ಮಾಡತೊಡಗಿದೆ. ನಿಜವಾದ ಬಾಕ್ಸ್‌ಎನ್ ಉದ್ದ ಸುಮಾರು 10.7 ಮೀಟರ್. ಅದನ್ನು 87ರಿಂದ ಭಾಗಿಸಿದರೆ ಸುಮಾರು 12.3 ಸೆಂಟಿಮೀಟರ್. ಅಷ್ಟೇ ಉದ್ದ ಬರಬೇಕು, ಬಾಗಿಲುಗಳೂ ಅಷ್ಟೇ ಇರಬೇಕು. ಈಗ ನನ್ನ ಬಳಿ ಹನ್ನೊಂದು ವ್ಯಾಗನ್, ಎರಡು ಪ್ರಯಾಣಿಕರ ಬೋಗಿ ಇವೆ. ಅದರಲ್ಲಿ ಒಂದು ಮಾತ್ರ ನಾನು ಮಾಡಿದ್ದಲ್ಲ. ನಮ್ಮ ಬೀದಿಯ ನಿವೃತ್ತ ಗಾರ್ಡ್ ಒಬ್ಬರು ಕೊಟ್ಟ ತಗಡಿನ ಹಳೆಯ ಎಣ್ಣೆ ಟ್ಯಾಂಕರ್ ಅದು. ಅದರ ಮೇಲೆ ಮಾಸಿದ ಅಕ್ಷರಗಳಲ್ಲಿ ‘ಹಾರ್ನ್‌ಬಿ’ ಎಂದಿತ್ತು. ಊರಿನ ಹೆಸರಿರಬೇಕು ಎಂದುಕೊಂಡಿದ್ದೆ. ಇಂಟರ್‌ವ್ಯೂನಲ್ಲಿ ಸೋತು ಮನೆಯಲ್ಲಿ ಕೂತಿದ್ದ ದಿನಗಳಲ್ಲಿ ಹುಡುಕಿದಾಗ ಗೊತ್ತಾಯಿತು, ಅದು ಒಬ್ಬ ಲೆಕ್ಕಪತ್ರದ ಗುಮಾಸ್ತನ ಹೆಸರು!

ಫ್ರಾಂಕ್ ಹಾರ್ನ್‌ಬಿ ಹುಟ್ಟಿದ್ದು 1863ರ ಮೇ 15ರಂದು, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಹದಿನಾರಕ್ಕೇ ಶಾಲೆ ಬಿಟ್ಟರು. ಎಂಜಿನಿಯರಿಂಗ್ ಕಲಿಯಲೇ ಇಲ್ಲ. ತಂದೆಯ ವ್ಯಾಪಾರದಲ್ಲಿ ಕ್ಯಾಷಿಯರ್ ಆಗಿ ಕೂತರು. 1887ರಲ್ಲಿ ಶಾಲಾ ಶಿಕ್ಷಕಿ ಕ್ಲಾರಾ ಅವರನ್ನು ಮದುವೆಯಾದರು. 1899ರಲ್ಲಿ ತಂದೆ ತೀರಿಕೊಂಡು ವ್ಯಾಪಾರ ಮುಚ್ಚಿತು. 36ನೇ ವಯಸ್ಸಿನಲ್ಲಿ ಹಾರ್ನ್‌ಬಿ ಮಾಂಸ ಆಮದು ಮಾಡುವ ಡೇವಿಡ್ ಎಲಿಯಟ್ ಎಂಬುವರ ಬಳಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು.

ಮನೆಯಲ್ಲಿ ರೋಲಂಡ್ ಮತ್ತು ಡಗ್ಲಾಸ್ ಎಂಬ ಇಬ್ಬರು ಪುಟ್ಟ ಗಂಡುಮಕ್ಕಳು. ಅವರಿಗಾಗಿ ತಂದೆ ತಗಡು ಕತ್ತರಿಸಿ ಕ್ರೇನು, ಸೇತುವೆ ಮಾಡಿಕೊಡುತ್ತಿದ್ದರು. ಆದರೆ ಒಂದು ತೊಡಕಿತ್ತು. ಕ್ರೇನಿಗೆ ಕತ್ತರಿಸಿದ ತುಂಡು ಸೇತುವೆಗೆ ಬರುತ್ತಿರಲಿಲ್ಲ. ಪ್ರತಿಸಲವೂ ಮೊದಲಿನಿಂದ ಶುರು ಮಾಡಬೇಕು. ಒಮ್ಮೆ ರೈಲಿನಲ್ಲಿ ಹೋಗುತ್ತಿದ್ದಾಗ ಕಿಟಕಿಯಾಚೆ ಕ್ರೇನೊಂದು ಕಂಡು, ಇದಕ್ಕೆ ದಾರಿ ಹೊಳೆಯಿತು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಎಲ್ಲ ಪಟ್ಟಿಗಳಿಗೂ ಅರ್ಧ ಇಂಚಿಗೊಂದರಂತೆ ಒಂದೇ ಅಳತೆಯ ತೂತು ಕೊರೆದು, ನಟ್ಟು ಬೋಲ್ಟು ಕೊಟ್ಟರೆ ಸಾಕು. ಇವತ್ತು ಕ್ರೇನ್ ಆದದ್ದು ನಾಳೆ ಬಿಚ್ಚಿ ಸೇತುವೆಯಾಗುತ್ತದೆ.

ಪೇಟೆಂಟ್‌ಗೆ ದುಡ್ಡಿರಲಿಲ್ಲ. ಹಾರ್ನ್‌ಬಿ ಧೈರ್ಯ ಮಾಡಿ ತಮ್ಮ ಮಾಲೀಕರನ್ನೇ ಕೇಳಿದರು. ಮಾಂಸದ ವ್ಯಾಪಾರಿ ಎಲಿಯಟ್ ನಗಲಿಲ್ಲ, ಐದು ಪೌಂಡ್ ಸಾಲ ಕೊಟ್ಟರು. 1901ರಲ್ಲಿ ಪೇಟೆಂಟ್ ಆಯಿತು. ಎಲಿಯಟ್ ಆಮೇಲೆ ಪಾಲುದಾರರೂ ಆದರು. ಇದನ್ನು ಓದಿದಾಗ ನನ್ನ ಇಂಟರ್‌ವ್ಯೂ ನೆನಪಾಗಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಹಾಗೆಂದು ಮರುದಿನವೇ ಹಾರ್ನ್‌ಬಿ ಶ್ರೀಮಂತರಾಗಲಿಲ್ಲ. ‘ಮೆಕ್ಯಾನಿಕ್ಸ್ ಮೇಡ್ ಈಸಿ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದ ಪೆಟ್ಟಿಗೆ ಮೊದಲ ವರ್ಷಗಳಲ್ಲಿ ಲಾಭ ತರಲಿಲ್ಲ. ಲಿವರ್‌ಪೂಲ್‌ನ ಎಂಜಿನಿಯರಿಂಗ್ ಪ್ರೊಫೆಸರ್ ಹೀಲಿ ಷಾ ಅದನ್ನು ಮೆಚ್ಚಿ ಬರೆದ ಪತ್ರ ಕೈಹಿಡಿಯಿತು. ಅಷ್ಟೂ ಕಾಲ ಹಾರ್ನ್‌ಬಿ ಲೆಕ್ಕದ ಪುಸ್ತಕ ಬಿಡಲಿಲ್ಲ. ‘ಮೆಕ್ಯಾನೊ’ ಎಂಬ ಹೆಸರು ನೋಂದಣಿಯಾದ 1907ರಲ್ಲಿ ಗುಮಾಸ್ತಿಕೆ ಬಿಟ್ಟು ಸ್ವಂತ ಕಾರ್ಖಾನೆಗೆ ಇಳಿದಾಗ ಅವರಿಗೆ ಸುಮಾರು 44 ವರ್ಷ. ಮರುವರ್ಷ ಮೆಕ್ಯಾನೊ ಲಿಮಿಟೆಡ್ ಹುಟ್ಟಿತು. 1914ರಲ್ಲಿ ಬಿನ್ಸ್ ರಸ್ತೆಯಲ್ಲಿ ದೊಡ್ಡ ಕಾರ್ಖಾನೆ ಎದ್ದಿತು.

ನನಗೆ ಬೇಕಾದ ರೈಲು ಬರುವುದು ಇಲ್ಲಿಂದ ಮುಂದೆ. ಅಲ್ಲಿಯವರೆಗೆ ಬ್ರಿಟನ್‌ನ ಮಕ್ಕಳು ಆಡುತ್ತಿದ್ದ ರೈಲುಗಳಲ್ಲಿ ಬಹುಪಾಲು ಬಿಂಗ್, ಮಾರ್ಕ್ಲಿನ್‌ನಂಥ ಜರ್ಮನ್ ಕಂಪನಿಗಳವು. ಮೊದಲ ಮಹಾಯುದ್ಧ ಆ ಬಾಗಿಲು ಮುಚ್ಚಿತು. 1920ರಲ್ಲಿ ಹಾರ್ನ್‌ಬಿ 32 ಮಿಲಿಮೀಟರ್ ಅಗಲದ ಹಳಿಯ ಮೇಲೆ ಓಡುವ, ಕೀಲಿ ಕೊಡುವ ರೈಲನ್ನು ತಂದರು. ಮೊದಲಿನವನ್ನು ಮೆಕ್ಯಾನೊದಂತೆಯೇ ಬಿಚ್ಚಿ ಜೋಡಿಸಬಹುದಿತ್ತು.

ಎಂಜಿನ್‌ಗಿಂತ ನನಗೆ ಇಷ್ಟವಾದದ್ದು ಅದರ ಹಿಂದಿನ ಗಾಡಿಗಳು. ಆಗ ಬ್ರಿಟನ್‌ನ ಹಳಿಗಳ ಮೇಲೆ ವ್ಯಾಪಾರಿ ಕಂಪನಿಗಳ ಹೆಸರು ಹೊತ್ತ ವ್ಯಾಗನ್‌ಗಳು ಓಡುತ್ತಿದ್ದವು. ಹಾರ್ನ್‌ಬಿ ಆ ಹೆಸರುಗಳನ್ನೇ ತಗಡಿನ ಮೇಲೆ ತಂದರು. ಜೇಕಬ್ಸ್, ಕಾರ್ಸ್, ಕ್ರಾಫರ್ಡ್ಸ್ ಬಿಸ್ಕತ್ತಿನ ವ್ಯಾನು, ಕೋಲ್ಮನ್ಸ್ ಸಾಸಿವೆಯ ವ್ಯಾನು, ಫೈಫ್ಸ್ ಬಾಳೆಹಣ್ಣಿನ ವ್ಯಾನು, ಶೆಲ್ ಮತ್ತು ಪ್ರಾಟ್ಸ್ ಎಣ್ಣೆ ಟ್ಯಾಂಕರು. ಮನೆಯ ನೆಲದ ಮೇಲೆ ಒಂದು ದೇಶದ ವ್ಯಾಪಾರವೇ ಸಾಲಾಗಿ ಹೋಗುತ್ತಿತ್ತು. 1923ರಲ್ಲಿ ನೂರಕ್ಕೂ ಹೆಚ್ಚು ರೈಲ್ವೆ ಕಂಪನಿಗಳು ಸೇರಿ ನಾಲ್ಕಾದಾಗ ಆಟಿಕೆಯ ಬಣ್ಣ, ಅಕ್ಷರಗಳೂ ಬದಲಾದವು. 1925ರಲ್ಲಿ ಬಂದ ಮೊದಲ ವಿದ್ಯುತ್ ರೈಲು ಲಂಡನ್ನಿನ ಮೆಟ್ರೊಪಾಲಿಟನ್ ರೈಲ್ವೆಯ ಮಾದರಿ. ಪ್ರಯಾಣಿಕರಿಗೆ ಪುಲ್‌ಮನ್ ಬೋಗಿಗಳೂ ಇದ್ದವು.

ಸ್ಕೇಲು ಹಿಡಿದು ನೋಡಿದರೆ ಅವು ಪಕ್ಕಾ ಅಳತೆಯವಲ್ಲ. ನನ್ನ ಟ್ಯಾಂಕರ್ ನಿಜವಾದದ್ದಕ್ಕಿಂತ ಗಿಡ್ಡ, ಮೋಟು. ಕಾರಣವೂ ಸ್ವಾರಸ್ಯವಾಗಿದೆ. ಒಂದೇ ತಳದ ಚೌಕಟ್ಟಿನ ಮೇಲೆ ವ್ಯಾನ್, ಟ್ಯಾಂಕರ್, ತೆರೆದ ವ್ಯಾಗನ್ ಹೀಗೆ ಬೇರೆ ಬೇರೆ ಒಡಲು ಕೂರಿಸುತ್ತಿದ್ದರು. ಮಕ್ಕಳಿಗೆ ಮಾಡಿದ ಕ್ರೇನಿನಲ್ಲಿ ಹೊಳೆದ ಉಪಾಯವೇ ಇಪ್ಪತ್ತು ವರ್ಷ ಬಿಟ್ಟು ವ್ಯಾಗನ್ ಕಟ್ಟುತ್ತಿತ್ತು. ಇಂದು ಸಂಗ್ರಹಕಾರರು ಆ ತಳ, ಕೊಂಡಿ, ಅಕ್ಷರದ ರೀತಿ ನೋಡಿ ಅದು ಯಾವ ಕಾಲದ್ದೆಂದು ಹೇಳುತ್ತಾರೆ. ಮೂಲ ಬಣ್ಣ ಎಷ್ಟು ಮಾಸಿದ್ದರೂ ಮತ್ತೆ ಬಳಿಯುವುದಿಲ್ಲ. ನಾನೂ ಬಳಿಯಲಿಲ್ಲ.

ನಿಲ್ದಾಣದ ಪಕ್ಕ ಇಡಲೆಂದು ಮಾಡಿದ ಪುಟ್ಟ ಗೊಂಬೆ, ವಾಹನಗಳಿಂದಲೇ 1934ರ ಹೊತ್ತಿಗೆ ಪ್ರಸಿದ್ಧ ‘ಡಿಂಕಿ ಟಾಯ್ಸ್’ ಬೆಳೆಯಿತು. ಅಷ್ಟರಲ್ಲಿ ಹಾರ್ನ್‌ಬಿ ಎವರ್ಟನ್ ಕ್ಷೇತ್ರದ ಸಂಸದರಾಗಿದ್ದರು. 1931ರಿಂದ 1935ರವರೆಗೆ ಪಾರ್ಲಿಮೆಂಟಿನಲ್ಲಿದ್ದು, 1936ರ ಸೆಪ್ಟೆಂಬರ್ 21ರಂದು ತೀರಿಕೊಂಡರು. ಹೆಚ್ಚು ಪಕ್ಕಾ ಅಳತೆಯ, 16.5 ಮಿಲಿಮೀಟರ್ ಹಳಿಯ ‘ಹಾರ್ನ್‌ಬಿ ಡುಬ್ಲೊ’ ರೈಲು ಬಂದದ್ದು 1938ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ. ಬಿನ್ಸ್ ರಸ್ತೆಯ ಕಾರ್ಖಾನೆ 1979ರಲ್ಲಿ ಮುಚ್ಚಿತು. ಅವರ ಹೆಸರಿನ ರೈಲುಗಳು ಮಾತ್ರ ಇಂದಿಗೂ ಓಡುತ್ತಿವೆ.

ಗೆಳೆಯರೇ, ಹವ್ಯಾಸ ಹಿಡಿದರೆ ಕೋಟ್ಯಧಿಪತಿಯಾಗಬಹುದು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ನನ್ನ ರಟ್ಟಿನ ವ್ಯಾಗನ್ ಯಾವ ಕಾರ್ಖಾನೆಯನ್ನೂ ಕಟ್ಟಲಾರದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಹಾರ್ನ್‌ಬಿಯ ಮಧ್ಯದ ವರ್ಷಗಳು. ಹಗಲು ಬೇರೆಯವರ ಲೆಕ್ಕ, ಬಿಡುವಿನಲ್ಲಿ ತನ್ನ ತಗಡು. ಒಂದಕ್ಕಾಗಿ ಇನ್ನೊಂದರ ಬಗ್ಗೆ ಅವರು ನಾಚಿಕೊಳ್ಳಲಿಲ್ಲ.

ಈಗ ನಾನೂ ಒಂದು ಲಾರಿ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಬೆಳಗ್ಗೆ ಪರೀಕ್ಷೆಗೆ ಓದು, ಭಾನುವಾರ ರಟ್ಟು, ಗೋಂದು. ಕಳೆದ ತಿಂಗಳು ಸರಕು ಸಾಗಣೆ ಕಂಪನಿಯೊಂದರ ಇಂಟರ್‌ವ್ಯೂ ಇತ್ತು. ಅಳಿಸಿದ್ದ ಸಾಲನ್ನು ಮತ್ತೆ ಬರೆದುಕೊಂಡು ಹೋದೆ. ಒಬ್ಬರು ಅದನ್ನು ಓದಿ, ಬಾಕ್ಸ್‌ಎನ್ ಉದ್ದ ಎಷ್ಟು ಎಂದು ಕೇಳಿದರು. ಹೇಳಿದೆ. ಮುಚ್ಚಿದ ವ್ಯಾಗನ್ ಯಾವುದಕ್ಕೆ, ತೆರೆದದ್ದು ಯಾವುದಕ್ಕೆ ಎಂದು ಕೇಳಿದರು. ಅದನ್ನೂ ಹೇಳಿದೆ. ಯಾರೂ ನಗಲಿಲ್ಲ.

ಫಲಿತಾಂಶ ಇನ್ನೂ ಬಂದಿಲ್ಲ. ಏನೇ ಬರಲಿ, ಆ ಸಾಲನ್ನು ಮಾತ್ರ ಇನ್ನು ಅಳಿಸುವುದಿಲ್ಲ.