ದೇಶದ ಮೊದಲ ಹಳಿ ಹಾಕಿ, ಕೊನೆಗೆ ರೈಲಿನ ವಿರುದ್ಧವೇ ವಾದಿಸಿದ ಆರ್ಥರ್ ಕಾಟನ್: ಚೆನ್ನೈ ಸೈಕಲ್ ಸವಾರರು ಮರೆತ ಹಾದಿಯ ಕಥೆ

ಚೆನ್ನೈ: ದೇಶದ ಮೊದಲ ರೈಲು ಎಲ್ಲಿ ಓಡಿತು ಎಂದು ಕೇಳಿದರೆ ಶಾಲೆ ಮಕ್ಕಳೂ ಥಟ್ಟನೆ ಉತ್ತರ ಹೇಳುತ್ತಾರೆ. 1853ರ ಏಪ್ರಿಲ್ 16, ಬಾಂಬೆಯಿಂದ ಠಾಣೆಗೆ, 34 ಕಿ.ಮೀ. ಪ್ರಯಾಣಿಕರನ್ನು ಕೂರಿಸಿಕೊಂಡು ಓಡಿದ ಮೊದಲ ರೈಲು ಅದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅದಕ್ಕೂ 16 ವರ್ಷ ಮೊದಲೇ ಮದ್ರಾಸಿನಲ್ಲಿ ಹಳಿ ಬಿದ್ದಿತ್ತು. ಆ ಹಳಿಯ ಮೇಲೆ ಜನ ಕೂರಲಿಲ್ಲ, ಕಲ್ಲು ಕೂತಿತ್ತು. ಅದರ ಹೆಸರು ರೆಡ್ ಹಿಲ್ಸ್ ರೈಲ್ವೆ. ಹಾಕಿಸಿದವರು ಆರ್ಥರ್ ಕಾಟನ್.

ಭಾನುವಾರ ಬೆಳಕು ಹರಿಯುವ ಮೊದಲೇ ಸೈಕಲ್ ಏರಿ ಊರಾಚೆ ಹೋಗುವವರು ಈಗ ಚೆನ್ನೈನಲ್ಲಿ ಸಾಕಷ್ಟು ಜನರಿದ್ದಾರೆ. ಮಹಾಬಲಿಪುರದ ಕಡೆ ಕಡಲ ದಾರಿ ಹಿಡಿಯುವವರು ಒಂದಷ್ಟು ಮಂದಿಯಾದರೆ, ಉತ್ತರಕ್ಕೆ ಪುಳಲ್ ಕೆರೆ, ರೆಡ್ ಹಿಲ್ಸ್ ಕಡೆ ತುಳಿಯುವವರು ಇನ್ನಷ್ಟು ಮಂದಿ. ಉತ್ತರದ ದಾರಿಯಲ್ಲಿ ಲಾರಿ, ಕಂಟೇನರ್‌ಗಳ ಕಾಟ ಜಾಸ್ತಿ. ಆದರೆ ಸುಮಾರು 190 ವರ್ಷಗಳ ಹಿಂದೆ ಇದೇ ಕಡೆಯಿಂದ ಊರಿನತ್ತ ಒಂದು ಹಳಿ ಬರುತ್ತಿತ್ತು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಅದು ಇಂದು ಉಳಿದಿದ್ದರೆ ಸೈಕಲ್‌ಗೆ ಹೇಳಿ ಮಾಡಿಸಿದ ಹಾದಿಯಾಗುತ್ತಿತ್ತು.

ಹಳೇ ಹಳಿ, ಸೈಕಲ್‌ಗೆ ಯಾಕೆ ಸುಖ?

ರೈಲಿಗೆ ಕಡಿದಾದ ಏರು ಹತ್ತಲು ಆಗುವುದಿಲ್ಲ. ಹಾಗಾಗಿ ಹಳಿ ಹಾಕುವವರು ಗುಡ್ಡ ಕಡಿದು, ತಗ್ಗು ತುಂಬಿ, ಆದಷ್ಟೂ ಸಮತಟ್ಟಾದ ದಾರಿ ಮಾಡುತ್ತಾರೆ. ರೈಲು ನಿಂತು, ಹಳಿ ಕಿತ್ತ ಮೇಲೂ ಆ ಸಮತಟ್ಟು ಉಳಿಯುತ್ತದೆ. ಮಕ್ಕಳಿರಲಿ, ವಯಸ್ಸಾದವರಿರಲಿ, ಏದುಸಿರು ಬಿಡದೆ ತುಳಿಯಬಹುದು. ಬಸ್ಸು, ಲಾರಿಗಳ ಭಯವೂ ಇಲ್ಲ.

ಇಂಗ್ಲೆಂಡಿನ ಬ್ರಿಸ್ಟಲ್ ಮತ್ತು ಬಾತ್ ನಗರಗಳ ನಡುವಿನ ಹಳೇ ರೈಲು ಮಾರ್ಗವನ್ನು 1979ರಿಂದ 1986ರ ಅವಧಿಯಲ್ಲಿ ಸುಮಾರು 21 ಕಿ.ಮೀ. ಸೈಕಲ್ ಹಾದಿಯಾಗಿ ಬದಲಿಸಲಾಯಿತು. ಐರ್ಲೆಂಡಿನ ವೆಸ್ಟ್‌ಪೋರ್ಟ್–ಆಕಿಲ್ ಮಾರ್ಗದಲ್ಲಿ ರೈಲು 1937ರಲ್ಲೇ ನಿಂತಿತ್ತು. ಇಂದು ಅಲ್ಲಿ 40 ಕಿ.ಮೀ.ಗೂ ಉದ್ದದ ಹಾದಿಯಲ್ಲಿ ಜನ ರಜೆಗೆ ಬಂದು ಸೈಕಲ್ ತುಳಿಯುತ್ತಾರೆ. ಯುರೋಪಿನಲ್ಲಿ ಸೈಕಲ್ ಸವಾರರ ಇನ್ನೊಂದು ಅಚ್ಚುಮೆಚ್ಚಿನ ಜಾಗ ಹಳೇ ಕಾಲುವೆಗಳ ದಂಡೆ. ಅದೂ ಸಮತಟ್ಟು, ಅಲ್ಲೂ ವಾಹನವಿಲ್ಲ.

ಹಳಿ ಮತ್ತು ಕಾಲುವೆ. ಕಾಟನ್ ತಮ್ಮ ಇಡೀ ಬದುಕು ಸವೆಸಿದ್ದು ಈ ಎರಡರ ಮೇಲೆಯೇ.

15ಕ್ಕೆ ಸೇನಾ ಶಾಲೆ, 18ಕ್ಕೆ ಮದ್ರಾಸ್

ಕಾಟನ್ ಹುಟ್ಟಿದ್ದು 1803ರ ಮೇ 15ರಂದು, ಇಂಗ್ಲೆಂಡಿನಲ್ಲಿ. ಮನೆಗೆ ಹತ್ತನೇ ಮಗ. 15ನೇ ವಯಸ್ಸಿಗೆ ಈಸ್ಟ್ ಇಂಡಿಯಾ ಕಂಪನಿಯ ಆಡಿಸ್ಕೋಂಬ್ ಸೇನಾ ಶಾಲೆ ಸೇರಿದರು. 1819ರಲ್ಲಿ ಮದ್ರಾಸ್ ಎಂಜಿನಿಯರ್ಸ್ ಪಡೆಗೆ ಆಯ್ಕೆಯಾದರು. ವೇಲ್ಸ್‌ನಲ್ಲಿ ಕೆಲ ಕಾಲ ಭೂಮಾಪನ ಕಲಿತು, 1821ರಲ್ಲಿ ಮದ್ರಾಸಿನ ಕೆಲಸಕ್ಕೆ ನೇಮಕಗೊಂಡರು. ಆಗ ಅವರಿಗೆ 18 ವರ್ಷ.

ಇಲ್ಲಿ ಅವರಿಗೆ ಮೊದಲು ಸಿಕ್ಕಿದ್ದು ಕೆರೆಗಳ ಇಲಾಖೆ. ನಂತರ ರಾಮೇಶ್ವರದ ಬಳಿ ಪಾಂಬನ್ ಜಲಮಾರ್ಗದ ಸರ್ವೆ ಮಾಡಿದರು. ನಡುವೆ ಮೊದಲ ಬರ್ಮಾ ಯುದ್ಧಕ್ಕೂ ಹೋಗಿ ಬಂದರು. 1828ರಲ್ಲಿ ಕ್ಯಾಪ್ಟನ್ ಹುದ್ದೆ ಸಿಕ್ಕಿತು. ಜೊತೆಗೆ ಬದುಕಿನ ದಿಕ್ಕನ್ನೇ ಬದಲಿಸಿದ ಜವಾಬ್ದಾರಿ ಹೆಗಲೇರಿತು. ಅದು ಕಾವೇರಿ.

ಕೊಡಗಿನಲ್ಲಿ ಹುಟ್ಟಿದ ಕಾವೇರಿ ತಿರುಚ್ಚಿ ಬಳಿ ಎರಡಾಗಿ ಕವಲೊಡೆಯುತ್ತದೆ. ಉತ್ತರದ ಕವಲು ಕೊಳ್ಳಿಡಂ. ವರ್ಷದಿಂದ ವರ್ಷಕ್ಕೆ ಕೊಳ್ಳಿಡಂ ಪಾತ್ರ ಆಳವಾಗುತ್ತಾ ಹೋಗಿ ನೀರೆಲ್ಲ ಅತ್ತ ಹರಿಯತೊಡಗಿತ್ತು. ಇತ್ತ ತಂಜಾವೂರಿನ ಗದ್ದೆಗಳು ಒಣಗುತ್ತಿದ್ದವು. ಕಾಟನ್ ಕೊಳ್ಳಿಡಂಗೆ ಅಡ್ಡಲಾಗಿ ಎರಡು ಒಡ್ಡು ಕಟ್ಟುವ ಯೋಜನೆ ಕೊಟ್ಟರು. 1836ರ ಹೊತ್ತಿಗೆ ಕೆಲಸ ಭರದಿಂದ ಸಾಗಿತು. ಮುಕ್ಕೊಂಬಿನ ಮೇಲಣೆ ಅದರಲ್ಲಿ ಒಂದು.

ಮರಳಿನ ಮೇಲೆ ಒಡ್ಡು ನಿಲ್ಲುತ್ತದಾ ಎಂಬ ಅನುಮಾನ ಅಂದಿನ ಎಂಜಿನಿಯರುಗಳಿಗಿತ್ತು. ಕಾಟನ್‌ಗೆ ಉತ್ತರ ಸಿಕ್ಕಿದ್ದು ಪಕ್ಕದಲ್ಲೇ ಇದ್ದ ಕಲ್ಲಣೆಯಲ್ಲಿ. ಚೋಳ ದೊರೆ ಕರಿಕಾಲ ಕಟ್ಟಿಸಿದ್ದೆಂದು ಹೇಳುವ ಈ ಒಡ್ಡಿನಲ್ಲಿ ದೊಡ್ಡ ದೊಡ್ಡ ಬಂಡೆಗಳನ್ನು ಮರಳಿಗೆ ಇಳಿಸಿ, ಅವು ಗಟ್ಟಿ ನೆಲ ಸಿಗುವವರೆಗೆ ಕುಸಿದ ಮೇಲೆ ಮತ್ತೆ ಬಂಡೆ ಪೇರಿಸಲಾಗಿತ್ತು. ಕಾಟನ್ ಈ ಊರಿನವರ ವಿದ್ಯೆಯನ್ನೇ ಕಲಿತರು. ಕಲಿತದ್ದು ಇಲ್ಲಿಂದ ಎಂದು ಒಪ್ಪಿಕೊಂಡರು ಕೂಡ. ನಾವು ಅಣೆಕಟ್ಟು ಎನ್ನುವ ಮಾತನ್ನೇ ತಮಿಳಿನಿಂದ ಇಂಗ್ಲಿಷರು ಅನಿಕಟ್ ಎಂದು ಎತ್ತಿಕೊಂಡಿದ್ದು.

ಕೆಂಪು ಗುಡ್ಡದ ಕಲ್ಲು, ಮದ್ರಾಸಿನ ರಸ್ತೆ

ಅದೇ ಹೊತ್ತಿನಲ್ಲಿ ಮದ್ರಾಸ್ ನಗರಕ್ಕೆ ರಸ್ತೆ ಬೇಕಿತ್ತು, ರಸ್ತೆಗೆ ಕಲ್ಲು ಬೇಕಿತ್ತು. ಕಲ್ಲು ಇದ್ದದ್ದು ಸೆಂಗುಂಡ್ರಂನಲ್ಲಿ. ಅಂದರೆ ಕೆಂಪು ಗುಡ್ಡ, ಇಂಗ್ಲಿಷರ ಬಾಯಲ್ಲಿ ರೆಡ್ ಹಿಲ್ಸ್. ಕರಾವಳಿಯವರು ಮುರಕಲ್ಲು ಎನ್ನುವ ಕೆಂಪು ಜಂಬಿಟ್ಟಿಗೆ ಕಲ್ಲು ಅಲ್ಲಿ ಸಿಗುತ್ತಿತ್ತು. ಎತ್ತಿನ ಗಾಡಿಯಲ್ಲಿ ತರುವುದು ನಿಧಾನ, ಖರ್ಚೂ ಹೆಚ್ಚು.

ಕಾಟನ್ ಹಳಿಯ ದಾರಿ ಹಿಡಿದರು. ರೆಡ್ ಹಿಲ್ಸ್‌ನಿಂದ ಚಿಂತಾದ್ರಿಪೇಟೆ ಸೇತುವೆ ಕಡೆಗೆ ಕಲ್ಲು ಸಾಗಿಸುವ ಈ ಮಾರ್ಗ 1837ರಲ್ಲಿ ಶುರುವಾಯಿತು ಎನ್ನುತ್ತದೆ ರೈಲ್ವೆ ಇತಿಹಾಸ. ವಿಲಿಯಂ ಏವರಿ ಮಾದರಿಯ ಉಗಿ ಎಂಜಿನ್ ಇಲ್ಲಿ ಬಳಕೆಯಾಯಿತು. ಪ್ರಾಣಿಗಳೂ ಬಂಡಿ ಎಳೆದವು. ಕಡಲ ಗಾಳಿ ಹಿಡಿಯಲು ಬಂಡಿಗೆ ಹಾಯಿ ಕಟ್ಟಿದ್ದೂ ಉಂಟು.

ಹಳಿಯ ಲೆಕ್ಕ ಸರಳ. ಮಣ್ಣಿನ ರಸ್ತೆಯಲ್ಲಿ ಚಕ್ರ ಹೂತುಕೊಳ್ಳುತ್ತದೆ, ಎಳೆಯುವ ಶಕ್ತಿಯ ಬಹುಪಾಲು ಅಲ್ಲೇ ಪೋಲು. ನುಣುಪಾದ, ಸಮತಟ್ಟಾದ ಹಳಿಯ ಮೇಲೆ ಅದೇ ಎತ್ತು, ಅದೇ ಕುದುರೆ ಹಲವು ಪಟ್ಟು ಭಾರ ಎಳೆಯುತ್ತದೆ. ನೀರಿನ ಮೇಲಂತೂ ಕೇಳುವುದೇ ಬೇಡ. ಒಂದು ಕುದುರೆ ದಂಡೆಯ ಮೇಲೆ ನಡೆಯುತ್ತಾ ಹತ್ತಾರು ಟನ್ ತುಂಬಿದ ದೋಣಿಯನ್ನು ಎಳೆಯಬಲ್ಲದು. ಕಡಿಮೆ ಶಕ್ತಿಯಲ್ಲಿ ಹೆಚ್ಚು ಭಾರ, ಬಡವನ ಕೈಗೆ ಎಟುಕುವ ಬೆಲೆಯಲ್ಲಿ. ಕಾಟನ್ ತಲೆಯಲ್ಲಿ ಕೊನೆಯವರೆಗೂ ಉಳಿದದ್ದು ಇದೊಂದೇ ಲೆಕ್ಕ.

ಇನ್ನೊಂದು ಕಾಕತಾಳೀಯ. ಸೈಕಲ್ ಬೆಳೆದದ್ದೂ ಕಾಟನ್ ಬದುಕಿನ ಅವಧಿಯಲ್ಲೇ. ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಪೆಡಲ್ ಇಲ್ಲದ ಎರಡು ಚಕ್ರದ ಗಾಡಿ ಓಡಿಸಿದ 1817ರಲ್ಲಿ ಕಾಟನ್‌ಗೆ 14 ವರ್ಷ. ಇಂದಿನ ಸೈಕಲ್‌ನ ಮೂಲ ರೂಪವಾದ ರೋವರ್ ಸೈಕಲ್ 1885ರಲ್ಲಿ ಬಂದಾಗ ಅವರಿಗೆ 82. ಡನ್‌ಲಪ್ ಗಾಳಿ ತುಂಬಿದ ಟೈರ್ ತಂದಾಗ 85. ಮನುಷ್ಯನ ಕಾಲ್ಬಲವನ್ನೇ ಹಲವು ಪಟ್ಟು ದೂರಕ್ಕೆ ಒಯ್ಯುವ ಸೈಕಲ್‌ನ ಹಿಂದಿರುವುದೂ ಅದೇ ಲೆಕ್ಕವಲ್ಲವೇ?

ರೆಡ್ ಹಿಲ್ಸ್ ಹಳಿಯ ಆಯಸ್ಸು ಮಾತ್ರ ಕಡಿಮೆ. 1845ರ ಹೊತ್ತಿಗೆ ಅದು ಮುಚ್ಚಿಯೇ ಹೋಯಿತು.

ಗೋದಾವರಿ ಕೊಟ್ಟ ಹೆಸರು

ಆರೋಗ್ಯ ಕೆಟ್ಟು ಆಸ್ಟ್ರೇಲಿಯಾ ಕಡೆ ಹೋದ ಕಾಟನ್, 1841ರಲ್ಲಿ ಟಾಸ್ಮೇನಿಯಾದಲ್ಲಿ ಎಲಿಜಬೆತ್ ಲಿಯರ್ಮಂತ್ ಅವರನ್ನು ಮದುವೆಯಾದರು. ಮರಳಿ ಬಂದ ಮೇಲೆ ಅವರನ್ನು ಕಾದಿದ್ದು ಗೋದಾವರಿ. 1830ರ ದಶಕದ ಬರಗಾಲ ಆ ಭಾಗದ ಹಳ್ಳಿಗಳನ್ನು ಬರಿದು ಮಾಡಿತ್ತು. ಪಕ್ಕದಲ್ಲೇ ಅಷ್ಟು ದೊಡ್ಡ ನದಿ ಸಮುದ್ರ ಸೇರುತ್ತಿದ್ದರೂ ಗದ್ದೆಗೆ ನೀರಿರಲಿಲ್ಲ.

1844ರಲ್ಲಿ ಕಾಟನ್ ವರದಿ ಕೊಟ್ಟರು. 1847ರಲ್ಲಿ ರಾಜಮಂಡ್ರಿ ಬಳಿಯ ಧವಳೇಶ್ವರಂನಲ್ಲಿ ಕೆಲಸ ಶುರು. ನಡುಗಡ್ಡೆಗಳೂ ಸೇರಿ ನದಿಯ ಅಗಲ ಅಲ್ಲಿ ಸುಮಾರು ನಾಲ್ಕು ಮೈಲಿ. ನಾಲ್ಕು ಕವಲುಗಳಿಗೆ ಅಡ್ಡಲಾಗಿ ನಾಲ್ಕು ಭಾಗಗಳಲ್ಲಿ ಒಡ್ಡು ಎದ್ದಿತು. ಗುಡ್ಡದಿಂದ ಕಲ್ಲು ತರಲು ಅಲ್ಲೂ ಹಳಿ ಹಾಕಿಸಿದರು. 1852ರಲ್ಲಿ ಕೆಲಸ ಮುಗಿಯಿತು. ಬರದ ನಾಡು ಭತ್ತದ ಕಣಜವಾಯಿತು. ಇದೇ ಬೆನ್ನಿಗೆ ವಿಜಯವಾಡದಲ್ಲಿ ಕೃಷ್ಣೆಗೂ ಒಡ್ಡು ಬಂತು. ಅದರ ಕೆಲಸ ನೋಡಿಕೊಂಡವರು ಕ್ಯಾಪ್ಟನ್ ಚಾರ್ಲ್ಸ್ ಓರ್.

ಕಾಲುವೆ ತೋಡುವಾಗ ಕಾಟನ್ ಇನ್ನೊಂದು ಉಪಯೋಗವನ್ನೂ ಮರೆಯಲಿಲ್ಲ. ಗದ್ದೆಗೆ ನೀರು ಹರಿಸುವ ಕಾಲುವೆಯಲ್ಲೇ ದೋಣಿಯೂ ಸಾಗಬೇಕು, ಬೆಳೆದ ಭತ್ತ ಅದೇ ನೀರಿನಲ್ಲಿ ಪೇಟೆ ಸೇರಬೇಕು ಎಂಬುದು ಅವರ ಯೋಚನೆ.

ರೈಲು ಬೇಡ, ನೀರು ಕೊಡಿ ಎಂದ ಎಂಜಿನಿಯರ್

ಕಥೆಗೆ ತಿರುವು ಸಿಗುವುದು ಇಲ್ಲಿ. 1853ರ ನಂತರ ಬ್ರಿಟಿಷ್ ಸರ್ಕಾರ ರೈಲಿನ ಹಿಂದೆ ಬಿತ್ತು. 1856ರ ಜುಲೈ 1ರಂದು ರಾಯಪುರಂನಿಂದ ಆರ್ಕಾಟ್ ಕಡೆಗೆ ದಕ್ಷಿಣದ ಮೊದಲ ಪ್ರಯಾಣಿಕರ ರೈಲು ಹೊರಟಿತು. ರೈಲು ಕಂಪನಿಗಳ ಷೇರುದಾರರಿಗೆ ಸರ್ಕಾರವೇ ಲಾಭದ ಖಾತರಿ ಕೊಟ್ಟಿತ್ತು. ಆ ಹೊರೆ ಬಿದ್ದದ್ದು ಇಲ್ಲಿನ ತೆರಿಗೆದಾರರ ಮೇಲೆ.

ದೇಶದಲ್ಲಿ ಎಲ್ಲರಿಗಿಂತ ಮೊದಲು ಹಳಿ ಹಾಕಿದ್ದ ಕಾಟನ್ ಈಗ ಅದರ ವಿರುದ್ಧವೇ ನಿಂತರು. ರೈಲು ಬೆಳೆದದ್ದನ್ನು ಹೊತ್ತೊಯ್ಯಬಹುದೇ ಹೊರತು ಬೆಳೆಯಲಾರದು, ಕಾಲುವೆ ಎರಡನ್ನೂ ಮಾಡುತ್ತದೆ ಎಂಬುದು ಅವರ ವಾದದ ತಿರುಳು. ನದಿ ನದಿಗಳನ್ನು ಕಾಲುವೆಯಿಂದ ಜೋಡಿಸಿ ಇಡೀ ದೇಶಕ್ಕೆ ಜಲಮಾರ್ಗ ಮಾಡಬೇಕೆಂದು ಅವರು ಕನಸು ಕಂಡರು.

1860ರಲ್ಲಿ ಇಂಗ್ಲೆಂಡಿಗೆ ಮರಳಿದರು, 1861ರಲ್ಲಿ ಸರ್ ಪದವಿ ಬಂತು. ವಾದ ಮಾತ್ರ ನಿಲ್ಲಲಿಲ್ಲ. ಅವರ ಲೆಕ್ಕಗಳೆಲ್ಲ ಸರಿಯಿದ್ದವೆಂದೂ ಅಲ್ಲ. ತುಂಗಭದ್ರೆಯ ನೀರನ್ನು ಸುಂಕೇಸುಲದಿಂದ ಒಯ್ಯುವ ಕರ್ನೂಲು–ಕಡಪ ಕಾಲುವೆಗೆ ಅವರ ಬೆಂಬಲವಿತ್ತು. ಮದ್ರಾಸ್ ಇರಿಗೇಶನ್ ಕಂಪನಿ ಅದನ್ನು ತೋಡಿ ಭಾರೀ ನಷ್ಟ ಅನುಭವಿಸಿತು. 1882ರಲ್ಲಿ ಸರ್ಕಾರವೇ ಕೊಂಡುಕೊಳ್ಳಬೇಕಾಯಿತು. ಡೆಲ್ಟಾದ ಭತ್ತದ ನೆಲದಲ್ಲಿ ಗೆದ್ದ ಲೆಕ್ಕ, ಕಪ್ಪು ಮಣ್ಣಿನ ನಾಡಿನಲ್ಲಿ ಸೋತಿತು.

ಅಷ್ಟರಲ್ಲಿ ಬಂತು 1876–78ರ ಮಹಾ ಬರ. ಹಳೇ ಮೈಸೂರಿನವರು ತಲೆಮಾರುಗಳ ಕಾಲ ಧಾತು ಈಶ್ವರ ಬರ ಎಂದು ನೆನೆದು ನಡುಗಿದ ಬರ ಇದೇ. ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು 10 ಲಕ್ಷ ಜನ ಸತ್ತರೆಂಬ ಅಂದಾಜಿದೆ. ಮದ್ರಾಸಿನಲ್ಲಿ ರೈಲು ಇತ್ತು, ಧಾನ್ಯವೂ ಬರುತ್ತಿತ್ತು. ಆದರೆ ಹಸಿದವನ ಕೈಯಲ್ಲಿ ಅದನ್ನು ಕೊಳ್ಳಲು ಕಾಸಿರಲಿಲ್ಲ.

75 ವರ್ಷದ ಕಾಟನ್ 1878ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿ ಮುಂದೆ ಮತ್ತೆ ಅದೇ ವಾದ ಇಟ್ಟರು. ಸಮಿತಿ ಒಪ್ಪಲಿಲ್ಲ. ಅವರ ಯೋಜನೆಗಳನ್ನು ಕಟುವಾಗಿ ಟೀಕಿಸಿತು. ರೈಲೇ ಗೆದ್ದಿತು.

ಕೊನೆಯ ವರ್ಷಗಳನ್ನು ಕಾಟನ್ ಇಂಗ್ಲೆಂಡಿನ ಡಾರ್ಕಿಂಗ್ ಪಟ್ಟಣದಲ್ಲಿ ಕಳೆದರು. ಅಲ್ಲೂ ಸುಮ್ಮನೆ ಕೂರದೆ, ಆಳವಾಗಿ ಉಳುಮೆ ಮಾಡಿದರೆ ಗೋಧಿ ಇಳುವರಿ ಎಷ್ಟು ಹೆಚ್ಚುತ್ತದೆ ಎಂದು ಪ್ರಯೋಗ ಮಾಡುತ್ತಿದ್ದರು. 1899ರ ಜುಲೈನಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ಮಗಳು ಲೇಡಿ ಹೋಪ್ ತಂದೆಯ ಜೀವನ ಚರಿತ್ರೆ ಪ್ರಕಟಿಸಿದರು.

ಎರಡು ಸಮತಟ್ಟು ಹಾದಿ, ಎರಡೂ ಇಲ್ಲ

ಗೋದಾವರಿ ಸೀಮೆಯಲ್ಲಿ ಕಾಟನ್ ಇಂದಿಗೂ ಮನೆಮಾತು. ಧವಳೇಶ್ವರಂನಲ್ಲಿ ಹಳೇ ಒಡ್ಡಿನ ಬದಲು ಬಂದ ಹೊಸ ಬ್ಯಾರೇಜಿಗೆ ಅವರದೇ ಹೆಸರು. ಪಕ್ಕದಲ್ಲೇ ಅವರ ಹೆಸರಿನ ಮ್ಯೂಸಿಯಂ ಇದೆ. ಹೈದರಾಬಾದಿನ ಟ್ಯಾಂಕ್ ಬಂಡ್ ಮೇಲೆ ತೆಲುಗು ನಾಡಿನ ದೊಡ್ಡವರ ಸಾಲಿನಲ್ಲಿ ಅವರ ಪ್ರತಿಮೆಯೂ ನಿಂತಿದೆ.

ಅವರು ಮೊದಲ ಹಳಿ ಹಾಕಿದ ಚೆನ್ನೈನಲ್ಲಿ ಆ ಭಾಗ್ಯವಿಲ್ಲ. ರೆಡ್ ಹಿಲ್ಸ್ ಹಳಿಯ ನೆಲವನ್ನು ಬೆಳೆದ ನಗರ ನುಂಗಿದೆ. ಕಾಲುವೆಯ ಕಥೆಯೂ ಅಷ್ಟೇ. ಕಾಕಿನಾಡದಿಂದ ವಿಲ್ಲುಪುರಂ ಜಿಲ್ಲೆವರೆಗೆ ಕಡಲಿಗೆ ಸಮನಾಗಿ ಸುಮಾರು 796 ಕಿ.ಮೀ. ಸಾಗುತ್ತಿದ್ದ ಜಲಮಾರ್ಗದ ಮುಖ್ಯ ಭಾಗವೇ ಬಕಿಂಗ್‌ಹ್ಯಾಂ ಕಾಲುವೆ. ಒಂದು ಕಾಲದಲ್ಲಿ ಆಂಧ್ರದಿಂದ ಮದ್ರಾಸಿಗೆ ದೋಣಿಗಳು ಸರಕು ಹೊತ್ತು ತರುತ್ತಿದ್ದವು. ಇಂದು ನಗರದೊಳಗೆ ಅದು ಕೊಳಚೆ ಹರಿಯುವ ಚರಂಡಿ. ಅದರ ಪಾತ್ರದಲ್ಲೇ ಎತ್ತರಿಸಿದ ರೈಲು ಮಾರ್ಗದ ಕಂಬಗಳು ನಿಂತಿವೆ. ಕಾಟನ್ ಪ್ರೀತಿಸಿದ ಕಾಲುವೆಯ ಮೇಲೆ ಅವರು ವಿರೋಧಿಸಿದ ರೈಲು!

ಹಳೇ ಹಳಿಯ ಮೇಲೆ ನಡೆಯುವ ಆಸೆ ಕನ್ನಡಿಗರಿಗೂ ಹೊಸದಲ್ಲ. 1996ರಲ್ಲಿ ಗೇಜ್ ಬದಲಾವಣೆಗೆ ರೈಲು ನಿಂತಾಗ ಸಕಲೇಶಪುರ ಘಾಟಿಯ ಹಳಿ ಚಾರಣಿಗರ ಸ್ವರ್ಗವಾಗಿತ್ತು. ಈಗ ಅಲ್ಲಿ ಮತ್ತೆ ರೈಲು ಓಡುತ್ತಿದೆ. ಹಳಿ ಮೇಲೆ ನಡೆಯುವುದು ಅಪಾಯ, ಕಾನೂನು ಪ್ರಕಾರ ಅಪರಾಧ ಕೂಡ.

ಇನ್ನು ಚೆನ್ನೈನ ಭಾನುವಾರದ ಸವಾರರು. ಅವರು ಇಂದಿಗೂ ರೆಡ್ ಹಿಲ್ಸ್‌ಗೆ ಹೋಗುವುದು ಹೆದ್ದಾರಿಯ ಅಂಚು ಹಿಡಿದೇ. ಕಂಟೇನರ್ ಲಾರಿಗಳ ಓಡಾಟ ಜೋರಾಗುವ ಮೊದಲು, ಬಿಸಿಲೇರುವ ಮೊದಲು ಪುಳಲ್ ಕೆರೆ ನೋಡಿ ವಾಪಸ್ ಬರುತ್ತಾರೆ.