ಜಾನ್ ಮೋಸಸ್ ಬ್ರೌನಿಂಗ್

ಜಾನ್ ಮೋಸಸ್ ಬ್ರೌನಿಂಗ್ (ಜನವರಿ ೨೩, ೧೮೫೫ – ನವೆಂಬರ್ ೨೬, ೧೯೨೬) ಅಮೆರಿಕದ ಪ್ರಸಿದ್ಧ ಬಂದೂಕು ವಿನ್ಯಾಸಕಾರರು. ಇವರ ಹೆಸರಿನಲ್ಲಿ ೧೨೮ ಪೇಟೆಂಟುಗಳಿವೆ. ವಿಂಚೆಸ್ಟರ್ ಕಂಪನಿಗಾಗಿ ಇವರು ರೂಪಿಸಿದ ಲಿವರ್ ಆಕ್ಷನ್ ರೈಫಲ್‌ಗಳ ರಚನೆಯು, ಅವುಗಳಿಗೆ ಎಂತಹ ಸೈಟ್ ಹೊಂದುತ್ತದೆ ಎಂಬುದನ್ನೂ ಬಹುಮಟ್ಟಿಗೆ ನಿರ್ಧರಿಸಿತು.

ಆರಂಭಿಕ ಜೀವನ

ಬ್ರೌನಿಂಗ್ ಜನಿಸಿದ್ದು ಯೂಟಾದ ಆಗ್ಡೆನ್ ಪಟ್ಟಣದಲ್ಲಿ. ತಂದೆ ಜೊನಾಥನ್ ಬಂದೂಕು ತಯಾರಕರು. ಅವರ ಕಾರ್ಯಾಗಾರವೇ ಮಗನಿಗೆ ಪಾಠಶಾಲೆಯಾಯಿತು. ೧೮೭೯ರ ಅಕ್ಟೋಬರ್ ೭ರಂದು ಒಂಟಿ ತೋಟಾದ ರೈಫಲ್‌ಗೆ ಮೊದಲ ಪೇಟೆಂಟ್ ದೊರೆಯಿತು. ೧೮೮೩ರಲ್ಲಿ ವಿಂಚೆಸ್ಟರ್‌ನ ಟಿ. ಜಿ. ಬೆನೆಟ್ ಆಗ್ಡೆನ್‌ಗೆ ಬಂದು, ೮,೦೦೦ ಡಾಲರ್ ನೀಡಿ ಅದರ ಹಕ್ಕನ್ನು ಕೊಂಡರು.

ಲಿವರ್ ಆಕ್ಷನ್ ರೈಫಲ್‌ಗಳು ಮತ್ತು ಸೈಟ್

ಕುದುರೆಯನ್ನು ಸುತ್ತುವರಿದ ಸನ್ನೆಯನ್ನು ಕೆಳಗೆಳೆದು ಮೇಲೆತ್ತಿದರೆ ಖಾಲಿ ತೋಟಾ ಹೊರಬಿದ್ದು ಹೊಸದು ಒಳಸೇರುವುದೇ ಲಿವರ್ ಆಕ್ಷನ್. ಬ್ರೌನಿಂಗ್ ಅವರ ೧೮೮೬, ೧೮೯೨, ೧೮೯೪ ಮತ್ತು ೧೮೯೫ರ ಮಾದರಿಗಳಲ್ಲಿ ಖಾಲಿ ತೋಟಾ ಮೇಲ್ಭಾಗದಿಂದಲೇ ಹಾರುತ್ತದೆ. ಆದ್ದರಿಂದ ಅಲ್ಲಿ ನಡುಮಧ್ಯೆ ದೂರದರ್ಶಕ ಕೂರಿಸುವುದು ಕಷ್ಟ. ತೋಟಾವನ್ನು ಪಕ್ಕಕ್ಕೆ ಎಸೆಯುವ ಮಾರ್ಲಿನ್ ಕಂಪನಿಯ ರೈಫಲ್‌ಗಳಿಗೆ ಈ ತೊಡಕಿರಲಿಲ್ಲ.

ನಳಿಗೆಯ ಮೇಲಿನ ಸಾಮಾನ್ಯ ಸೈಟ್‌ನಲ್ಲಿ ಹಿಂದಿನ ಕಚ್ಚು, ಮುಂದಿನ ಮಣಿ ಮತ್ತು ಗುರಿ ಮೂರನ್ನೂ ಕಣ್ಣು ಒಟ್ಟಿಗೆ ಹಿಡಿಯಬೇಕು. ವಯಸ್ಸಾದವರಿಗೆ ಇದು ಎಷ್ಟು ಕಷ್ಟವೆಂಬುದನ್ನು ಕನ್ನಡಕ ಹಾಕಿದವರು ಬಲ್ಲರು. ಅಪರ್ಚರ್ ಸೈಟ್‌ನಲ್ಲಾದರೆ ಕಣ್ಣಿನ ಸಮೀಪವಿರುವ ರಂಧ್ರವನ್ನು ನೋಡಬೇಕಿಲ್ಲ, ಅದರ ಮೂಲಕ ನೋಡಿದರೆ ಸಾಕು. ಮಣಿಯನ್ನು ಅದರ ನಡುವಿಗೆ ತರುವ ಕೆಲಸವನ್ನು ಕಣ್ಣು ತಾನೇ ಮಾಡುತ್ತದೆ. ಗುರಿಸ್ಪರ್ಧೆಗೆ ಕಿರಿದಾದ ರಂಧ್ರ ಒಳ್ಳೆಯದು. ಕಾಡಿನ ಮಬ್ಬು ಬೆಳಕಿನಲ್ಲಿ ಅಗಲವಾದದ್ದೇ ಬೇಕು, ಕಿರಿದಾದದ್ದು ಕತ್ತಲೆಯಾಗಿಬಿಡುತ್ತದೆ. ಕನೆಕ್ಟಿಕಟ್‌ನ ವಿಲಿಯಂ ಲೈಮನ್ ಇಂತಹ ಸೈಟ್‌ಗೆ ಪೇಟೆಂಟ್ ಪಡೆದದ್ದೂ ೧೮೭೯ರಲ್ಲಿಯೇ ಎಂಬುದು ಕುತೂಹಲಕರ. ಹಿಡಿಕೆಯ ಮೇಲೆ ನಿಲ್ಲಿಸುವ ಈ ಬಗೆಯ ಸೈಟ್ ಕಣ್ಣಿಗೆ ಅತಿ ಸಮೀಪವಿರುವುದರಿಂದ, ಬಲವಾಗಿ ಒದೆಯುವ ರೈಫಲ್‌ಗಳಲ್ಲಿ ಕಣ್ಣಿಗೇ ಅಪಾಯ. ಅಂತಹವುಗಳಿಗೆ ಯಂತ್ರಭಾಗದ ಪಕ್ಕಕ್ಕೆ ತಿರುಪಿನಿಂದ ಬಿಗಿಯುವ ಸೈಟ್ ಸೂಕ್ತ.

೧೮೯೪ರ ಮಾದರಿ ೭೦ ಲಕ್ಷಕ್ಕೂ ಹೆಚ್ಚು ತಯಾರಾಯಿತು. ೧೯೮೦ರ ದಶಕದಲ್ಲಿ ತೋಟಾ ಓರೆಯಾಗಿ ಹಾರುವಂತೆ ಅದನ್ನು ಬದಲಿಸಿದ ಮೇಲೆಯೇ ದೂರದರ್ಶಕಕ್ಕೆ ಸ್ಥಳವಾಯಿತು. ೧೮೯೫ರ ಮಾದರಿಯನ್ನು ಥಿಯೋಡೋರ್ ರೂಸ್‌ವೆಲ್ಟ್ ೧೯೦೯ರಲ್ಲಿ ಆಫ್ರಿಕಕ್ಕೆ ಕೊಂಡೊಯ್ದರು. ಪೂರ್ಣಚಂದ್ರ ತೇಜಸ್ವಿಯವರ ಮೂಲಕ ಕನ್ನಡಿಗರಿಗೆ ಪರಿಚಿತರಾದ ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಅವರ ಕೈಯಲ್ಲಿದ್ದ .೪೦೫ ವಿಂಚೆಸ್ಟರ್ ಕೂಡ ಇದೇ ಮಾದರಿ.

ವಿಂಚೆಸ್ಟರ್‌ನಿಂದ ಬೇರ್ಪಡೆ

ಅದುವರೆಗೆ ವಿನ್ಯಾಸಗಳನ್ನು ಒಂದೇ ಮೊತ್ತಕ್ಕೆ ಮಾರುತ್ತಿದ್ದ ಬ್ರೌನಿಂಗ್, ತಮ್ಮ ಸ್ವಯಂಚಾಲಿತ ಷಾಟ್‌ಗನ್‌ಗೆ ಮಾರಾಟವಾದ ಪ್ರತಿಯೊಂದರ ಮೇಲೂ ಗೌರವಧನ ಕೇಳಿದರು. ಬೆನೆಟ್ ಒಪ್ಪಲಿಲ್ಲ. ಸುಮಾರು ಎರಡು ದಶಕಗಳ ಸಂಬಂಧ ಹೀಗೆ ಮುರಿಯಿತು. ೧೯೦೨ರಲ್ಲಿ ಅವರು ರೆಮಿಂಗ್ಟನ್ ಕಂಪನಿಯ ಅಧ್ಯಕ್ಷರನ್ನು ಕಾಣಲು ಹೋಗಿ ಕಾಯುತ್ತಿದ್ದಾಗಲೇ ಆ ಅಧ್ಯಕ್ಷರು ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂತು. ಕೊನೆಗೆ ಬೆಲ್ಜಿಯಂನ ಎಫ್.ಎನ್. ಕಂಪನಿ ಆ ವಿನ್ಯಾಸವನ್ನು ಸ್ವೀಕರಿಸಿತು.

ನಿಧನ

ಲಿಯೇಜ್ ಸಮೀಪದ ಎಫ್.ಎನ್. ಕಾರ್ಖಾನೆಯಲ್ಲಿ ಕೆಲಸದಲ್ಲಿ ತೊಡಗಿದ್ದಾಗಲೇ ಹೃದಯಾಘಾತದಿಂದ ಬ್ರೌನಿಂಗ್ ನಿಧನರಾದರು. ಅಪೂರ್ಣವಾಗಿ ಉಳಿದಿದ್ದ ಜೋಡುನಳಿಗೆಯ ಷಾಟ್‌ಗನ್ನಿನ ಕೆಲಸವನ್ನು ಮಗ ವಾಲ್ ಬ್ರೌನಿಂಗ್ ಪೂರೈಸಿದರು.